ವಿಕಿರಣದ ಅಳತೆ ಕೈಗೆ ಬರುವ ಮೊದಲು ದನಗಳನ್ನು ಬೆಟ್ಟಕ್ಕೆ ಬಿಡಬಹುದೇ?

ಪ್ರಶ್ನೆ (ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ):
ಮೇಡಂ, ನಮಸ್ಕಾರ. ವಿಕಿರಣ ಸುರಕ್ಷತೆಯಲ್ಲಿ ದುಡಿದು ನಿವೃತ್ತರಾದವರು ಈ ಗುಂಪಿನಲ್ಲಿ ನೀವೊಬ್ಬರೇ, ಹಾಗಾಗಿ ಕೇಳುತ್ತಿದ್ದೇನೆ. ಕೈಗಾ ಅಣುವಿದ್ಯುತ್ ಸ್ಥಾವರ ನಮ್ಮಿಂದ ನೇರ ಗೆರೆಯಲ್ಲಿ ಸುಮಾರು 100 ಕಿಲೋಮೀಟರ್. ಅವಘಡಕ್ಕೆ ಮೊದಲೇ ಸಿದ್ಧತೆ ಮಾಡಿಡುವ ತುರ್ತು ಯೋಜನಾ ವಲಯ ಸ್ಥಾವರದ ಸುತ್ತ 16 ಕಿಲೋಮೀಟರ್ ಎಂದು ಓದಿದ್ದೇನೆ. ಅಂದರೆ ನಾವು ಲೆಕ್ಕದ ಹೊರಗಿನವರು. ಆದರೂ ಅಲ್ಲಿ ಏನಾದರೂ ಆಯಿತೆಂದುಕೊಳ್ಳಿ. ನನ್ನ ಮೂರು ದನಗಳನ್ನು ಮೇಯಲು ಬಿಡಬೇಕೋ ಬೇಡವೋ ಎಂದು ಯಾರಾದರೂ ಖಚಿತವಾಗಿ ಹೇಳಬೇಕಲ್ಲವೇ? ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತದಲ್ಲಿ ಅಧಿಕಾರಿಗಳು ದಿನಕ್ಕೊಂದು ಮಾತು ಹೇಳಿದರಂತೆ. ಅವರಿಗೇ ಗೊತ್ತಿರಲಿಲ್ಲವೇ, ಮುಚ್ಚಿಟ್ಟರೇ?

ಉತ್ತರ:
ಎರಡೂ ನಡೆಯಿತು. 2011ರ ಮಾರ್ಚ್ 11ರ ರಾತ್ರಿ 3 ಕಿಲೋಮೀಟರ್ ಒಳಗಿನವರು ಹೊರಡಿ ಎಂದರು. ಮರುದಿನ ಅದು 10 ಆಯಿತು, ಸಂಜೆಗೆ 20. ಗಾಳಿ ಎತ್ತ ಬೀಸುತ್ತದೆ ಎಂದು ಲೆಕ್ಕ ಹಾಕುವ ವ್ಯವಸ್ಥೆ ಜಪಾನಿನಲ್ಲಿ ಇತ್ತು. ಆದರೆ ಸ್ಥಾವರದಿಂದ ಎಷ್ಟು ಹೊರಬಿದ್ದಿದೆ ಎಂಬುದು ತಿಳಿದಿರಲಿಲ್ಲ. ಹಾಗಾಗಿ ಆ ನಕ್ಷೆಯನ್ನು ನಂಬುವಂತಿಲ್ಲವೆಂದು ಪಕ್ಕಕ್ಕಿಟ್ಟರು, ಜನರಿಗೆ ತೋರಿಸಿದ್ದು ಮಾರ್ಚ್ 23ಕ್ಕೆ. ನನ್ನ ತಕರಾರು ಇಲ್ಲಿದೆ: ಎಷ್ಟು ಎಂಬುದು ಗೊತ್ತಿಲ್ಲದಿದ್ದರೂ ಎತ್ತ ಎಂಬುದರ ಅಂದಾಜು ಕೈಯಲ್ಲಿತ್ತು. ನಾಮಿಯೆ ಪಟ್ಟಣದ ಜನ ಸುರಕ್ಷಿತವೆಂದು ವಾಯವ್ಯದ ತ್ಸುಶಿಮಾಕ್ಕೆ ಹೋದರು. ವಿಕಿರಣವೂ ಅದೇ ದಿಕ್ಕಿಗೆ ಹೋಯಿತು. ಇನ್ನೂ ಆಚೆಗಿನ ಈಟಾತೆ ಹಳ್ಳಿಯ ಬಹುಭಾಗ 30 ಕಿಲೋಮೀಟರ್ ಗೆರೆಯ ಹೊರಗಿತ್ತು. ಮಾರ್ಚ್ 15ರ ಮಳೆ, ಹಿಮ ಎಲ್ಲವನ್ನೂ ಅಲ್ಲಿಗೆ ಇಳಿಸಿತು. ಊರು ಬಿಡಬೇಕೆಂಬ ಆದೇಶ ಬಂದದ್ದು ಏಪ್ರಿಲ್ 22ಕ್ಕೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನ ನಾವು ದೂರದ ಲೆಕ್ಕವೊಂದನ್ನೇ ನಂಬಿ ಕೂರುವಂತಿಲ್ಲ.

ಈಗ ದನಗಳ ವಿಷಯ. ಮಂಗ ಸತ್ತು ಬಿದ್ದ ಸುದ್ದಿ ಬಂದರೆ, ಮಂಗನ ಕಾಯಿಲೆ ಹೌದೋ ಅಲ್ಲವೋ ಎಂದು ನೀವು ಪ್ರಯೋಗಾಲಯದ ವರದಿಗೆ ಕಾಯುತ್ತೀರಾ? ಕಾಡಿಗೆ ಹೋಗುವುದನ್ನು ಅಂದೇ ನಿಲ್ಲಿಸುತ್ತೀರಿ. ವರದಿಯಲ್ಲಿ ಏನೂ ಇಲ್ಲವೆಂದರೆ ನಷ್ಟ ಎರಡು ಹೊರೆ ಸೊಪ್ಪು, ಅಷ್ಟೇ. ಇಲ್ಲಿಯೂ ಹಾಗೆಯೇ. ಕೊಟ್ಟಿಗೆಯಲ್ಲಿ ಕಟ್ಟಿ, ಅಟ್ಟದ ಮೇಲಿನ ಒಣಹುಲ್ಲು ಹಾಕಿ, ಮುಚ್ಚಿದ ಬಾವಿಯ ನೀರು ಕೊಡಿ. ತಪ್ಪಾಗಿದ್ದರೆ ನಾಳೆ ಹಗ್ಗ ಬಿಚ್ಚಿದರಾಯಿತು. 1986ರ ಚೆರ್ನೋಬಿಲ್ ಅಣುದುರಂತದಲ್ಲಿ ಮಕ್ಕಳ ಥೈರಾಯಿಡ್‌ಗೆ ವಿಕಿರಣ ಸೂಸುವ ಅಯೋಡಿನ್-131 ಹೋದದ್ದು ಮುಖ್ಯವಾಗಿ ಹಾಲಿನ ಮೂಲಕ, ಹುಲ್ಲು ಮೇಯ್ದ ಹಸುಗಳಿಂದ. ಅದು 8 ದಿನಕ್ಕೊಮ್ಮೆ ಅರ್ಧವಾಗುತ್ತದೆ. 80 ದಿನಕ್ಕೆ ಸಾವಿರದಲ್ಲೊಂದು ಪಾಲು. ಅಂದರೆ ಆ ಮೊದಲ ವಾರಗಳ ಒಣಹುಲ್ಲಿಗೆ ಬಹಳ ಬೆಲೆಯಿದೆ.

ಜೊತೆಗೆ ಹೊರಬೀಳುವ ಇನ್ನೊಂದು ವಿಕಿರಣ ವಸ್ತು ಸೀಸಿಯಂ-137ರ ಮಾತು ಬೇರೆ, ಅದು ಅರ್ಧವಾಗಲು 30 ವರ್ಷ ಬೇಕು. ನಮ್ಮಲ್ಲಿ ನನಗೆ ಚಿಂತೆ ತೋಟಕ್ಕೆ ಸೊಪ್ಪು ತರುವ ಕಾಡಿನದು, ಅಂದರೆ ಸೊಪ್ಪಿನ ಬೆಟ್ಟದ್ದು. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ ಹಾಕುವುದೆಂದರೆ ಇಡೀ ಬೆಟ್ಟದ ಮೇಲೆ ಬಿದ್ದದ್ದನ್ನು ನಾವೇ ಹೊತ್ತು ತಂದು ಅಡಿಕೆ ಮರದ ಬುಡಕ್ಕೆ ಸುರಿದಂತೆ. ಇದನ್ನು ಬಿಚ್ಚಿ ಸರಿಪಡಿಸುವ ಹಗ್ಗವಿಲ್ಲ. ಅಳತೆಯಾಗುವವರೆಗೆ ದರಕು ಬೆಟ್ಟದಲ್ಲೇ ಇರಲಿ.

ಪ್ರಶ್ನೆ (ತೀರ್ಥಹಳ್ಳಿಯ ಶಿಕ್ಷಕ):
ಅನುಮಾನವಿದ್ದರೆ ಮೊದಲ ದಿನವೇ ಎಲ್ಲರನ್ನೂ ದೂರ ಕಳಿಸಿಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ?

ಉತ್ತರ:
ಮೇಷ್ಟ್ರೇ, ಸ್ಥಳಾಂತರವೂ ಜೀವ ತೆಗೆಯುತ್ತದೆ. ಹಾಸಿಗೆ ಹಿಡಿದ ವೃದ್ಧರನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಸಾಗಿಸಿದಾಗ ದಾರಿಯಲ್ಲೇ ತೀರಿಕೊಂಡವರಿದ್ದಾರೆ. ಆಮೇಲಿನ ಅಲೆದಾಟ, ತಪ್ಪಿದ ಚಿಕಿತ್ಸೆ ಹೀಗೆ ವಿಪತ್ತಿನ ಪರೋಕ್ಷ ಸಾವೆಂದು ದಾಖಲಾದವು ಫುಕುಶಿಮಾ ಪ್ರಾಂತವೊಂದರಲ್ಲೇ 2,300ಕ್ಕೂ ಹೆಚ್ಚು. ಸುನಾಮಿ, ಭೂಕಂಪಗಳೇ ಅಲ್ಲಿ ತೆಗೆದ ಜೀವಗಳಿಗಿಂತ ಇದು ಜಾಸ್ತಿ. ಸ್ಥಾವರದ ಪಕ್ಕದವರು ಹೊರಡಲೇಬೇಕು. ದೂರದವರು ಮೊದಲು ಬಾಗಿಲು, ಕಿಟಕಿ ಮುಚ್ಚಿ ಒಳಗಿರುವುದು ಮೇಲು. ಆದರೆ ನಮ್ಮ ಹಂಚಿನ ಮನೆಗಳಲ್ಲಿ ಗಾಳಿಯಾಡದ ಕೋಣೆಯನ್ನು ಹುಡುಕಬೇಕು!

ಪ್ರಶ್ನೆ (ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ):
ನಮ್ಮ ಡೇರಿಯ ಒಂದು ಮಾದರಿ ಸರಿಯೆಂದು ಬಂದರೆ ಹಾಲು ಕಳಿಸಬಹುದೇ?

ಉತ್ತರ:
ಯಾವ ಯಾವ ಮನೆಯ ಹಾಲು ಆ ಕ್ಯಾನಿನಲ್ಲಿತ್ತು ಎಂದು ಮೊದಲು ಕೇಳುತ್ತೇನೆ. 2011ರ ಅಕ್ಟೋಬರ್‌ನಲ್ಲಿ ಮಾದರಿ ಪರೀಕ್ಷೆ ಮುಗಿಸಿ ಫುಕುಶಿಮಾದ ಅಕ್ಕಿ ಸುರಕ್ಷಿತವೆಂದು ಸಾರಿದರು. ನವೆಂಬರ್‌ನಲ್ಲಿ ಓನಾಮಿ ಎಂಬಲ್ಲಿ ಕಿಲೋಗೆ 500 ಬೆಕ್ವೆರೆಲ್‌ನ (ವಿಕಿರಣ ಅಳೆಯುವ ಮಾನ) ಅಂದಿನ ಮಿತಿ ದಾಟಿದ ಅಕ್ಕಿ ಸಿಕ್ಕಿತು. ಮಾದರಿ ತೆಗೆಯದ ಗದ್ದೆಯದು. ಒಮ್ಮೆ ಮಾತು ಮುರಿದ ಮೇಲೆ ಮುಂದಿನ ವರ್ಷದಿಂದ ಒಂದೊಂದು ಚೀಲವನ್ನೂ ಅಳೆಯಬೇಕಾಯಿತು, ವರ್ಷಕ್ಕೆ ಸುಮಾರು 1 ಕೋಟಿ ಚೀಲ. ಹಾಗಾಗಿ ನಿಮ್ಮ ಫಲಕದಲ್ಲಿ "ಹಾಲು ಸುರಕ್ಷಿತ" ಎಂದು ಬರೆಯಬೇಡಿ. "ಇಂತಿಷ್ಟು ಮನೆಗಳ ಹಾಲು ಅಳೆದಿದ್ದೇವೆ, ಇಂತಿಷ್ಟು ಬಾಕಿ, ಗುರುವಾರ ಮತ್ತೆ ಹೇಳುತ್ತೇವೆ" ಎಂದು ಬರೆಯಿರಿ. ಗುರುವಾರ ಹೊಸದೇನೂ ಇಲ್ಲದಿದ್ದರೂ ಹೇಳಿ.

ಮುಗಿಯುವ ದಿನವನ್ನಂತೂ ಘೋಷಿಸಬೇಡಿ. ಚೆರ್ನೋಬಿಲ್ ನಂತರ, 1986ರ ಜೂನ್‌ನಲ್ಲಿ, ಬ್ರಿಟನ್ನಿನ ಗುಡ್ಡಗಾಡಿನ ಕುರಿಗಳ ಮಾರಾಟಕ್ಕೆ ಮೂರು ವಾರ ತಡೆ ಎಂದರು. ಕೊನೆಯ ನಿರ್ಬಂಧ ತೆರವಾದದ್ದು 2012ರಲ್ಲಿ. ಬಯಲಿನ ಜೇಡಿಮಣ್ಣಿನ ಲೆಕ್ಕವನ್ನು ಗುಡ್ಡದ ಹುಳಿ ಮಣ್ಣಿಗೆ ಹಚ್ಚಿದ್ದರು. ಅಲ್ಲಿ ಸೀಸಿಯಂ ಮಣ್ಣಿಗೆ ಅಂಟದೆ ಮತ್ತೆ ಮತ್ತೆ ಹುಲ್ಲಿಗೆ ಏರುತ್ತಿತ್ತು. ನಮ್ಮ ಮಣ್ಣೂ ಹುಳಿಯೇ. ಹಾಗೆಂದು ಅವರ ಅಂಕಿಯನ್ನೂ ಇಲ್ಲಿಗೆ ತರಬೇಡಿ.

ಪ್ರಶ್ನೆ (ಮೊದಲು ಕೇಳಿದ ಬೆಳೆಗಾರ):
ಅರ್ಥವಾಯಿತು ಮೇಡಂ. ಅಯೋಡಿನ್ ಮಾತ್ರೆ ತಂದಿಟ್ಟುಕೊಳ್ಳಲೇ?

ಉತ್ತರ:
ಬೇಡ. ಅದು ಥೈರಾಯಿಡ್ ಒಂದನ್ನೇ ಕಾಯುತ್ತದೆ, ಸೀಸಿಯಂಗೆ ಉಪಯೋಗವಿಲ್ಲ. ಅಧಿಕಾರಿಗಳು ಹೇಳಿದ ಹೊತ್ತಿಗೆ, ಹೇಳಿದಷ್ಟು ನುಂಗಬೇಕಾದದ್ದು. ಟಿಂಚರ್ ಅಯೋಡಿನ್ ಅನ್ನಂತೂ ಯಾರೂ ಕುಡಿಯಬೇಡಿ. ಅದರ ಬದಲು ಈ ಸಲ ಹುಲ್ಲಿನ ಗೊಣಬೆಗೆ ಒಳ್ಳೆಯ ತಾಡಪಾಲು ಹಾಕಿಸಿ.