ಬಿಸಿಯಾದ ಇಂಜಿನ್ ಮತ್ತೆ ಸ್ಟಾರ್ಟ್ ಆಗ್ತಿಲ್ಲ

ಪ್ರಶ್ನೆ:
ಪೆಟ್ರೋಲ್ ಇಂಜೆಕ್ಷನ್ ಕಾರು. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ 15 ನಿಮಿಷ ಬಿಟ್ಟರೆ ಸೆಲ್ಫ್ ಜೋರಾಗೇ ತಿರುಗುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ. ಪೂರ್ತಿ ತಣಿದ ಮೇಲೆ ಮತ್ತೆ ಸರಿ. ಪ್ಲಗ್, ಬ್ಯಾಟರಿ ಹೊಸವು. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ ಅಂದಮೇಲೆ ಬ್ಯಾಟರಿ, ಸ್ಟಾರ್ಟರ್ ಮೋಟರ್ ಬಿಟ್ಟುಬಿಡಿ. ಮೊದಲ ಅನುಮಾನ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಬಿಸಿಗೆ ಒಳಗಿನ ಸಂಪರ್ಕ ಕಡಿದು, ತಣಿದಾಗ ಮತ್ತೆ ಕೂಡಿಕೊಳ್ಳುತ್ತೆ. ಸ್ಟಾರ್ಟ್ ಆಗದಿರುವಾಗಲೇ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿ ಸೆಲ್ಫ್ ಹೊಡೆಯಿರಿ: ಆರ್‌ಪಿಎಂ 200ರ ಆಸುಪಾಸು ಬರಬೇಕು. ಸೊನ್ನೆ ಇದ್ದರೆ ಸೆನ್ಸರ್, ಇಲ್ಲವೇ ಅದರ ವೈರಿಂಗ್. ತಣಿದ ಮೇಲೆ ಹುಡುಕಿದರೆ ಏನೂ ಸಿಗಲ್ಲ.

ಉತ್ತರ 2:
ಸೆನ್ಸರ್ ಕೊಳ್ಳುವ ಮುಂಚೆ ಖರ್ಚಿಲ್ಲದ ಪರೀಕ್ಷೆ ಎರಡಿವೆ ಸರ್. ಕೀ ಆನ್ ಮಾಡಿ, 2 ಸೆಕೆಂಡ್ ಫ್ಯೂಯಲ್ ಪಂಪ್ ಗುಂಯ್ ಅನ್ನಲಿ, ಆಫ್ ಮಾಡಿ. ಹೀಗೆ 3 ಸಲ ಮಾಡಿ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದರೆ ಫ್ಯೂಯಲ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಒತ್ತಡ ನಿಲ್ಲುತ್ತಿಲ್ಲ, ಪೆಟ್ರೋಲ್ ಆವಿಯಾಗುತ್ತಿದೆ ಅಂತ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ನೋಡಿ. ಇನ್ನೊಂದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು. ಬಹಳಷ್ಟು ಕಾರುಗಳಲ್ಲಿ ಆಗ ಇಂಜೆಕ್ಟರ್ ಬಂದ್ ಆಗಿ, ಒಳಗೆ ಹೆಚ್ಚಾಗಿದ್ದ ಪೆಟ್ರೋಲ್ ಹೊರಹೋಗುತ್ತೆ. ಕೆಮ್ಮುತ್ತಾ ಸ್ಟಾರ್ಟ್ ಆಗಿ, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಯಾವುದೋ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು.

ಉತ್ತರ 3:
ಪೆಟ್ರೋಲ್ ಹೆಚ್ಚಾಗುತ್ತಿದ್ದರೆ ಕೂಲಂಟ್ ಟೆಂಪರೇಚರ್ ಸೆನ್ಸರನ್ನೂ ಮರೀಬೇಡಿ. ಬಿಸಿ ಇಂಜಿನ್ನಿನಲ್ಲಿ ಸ್ಕ್ಯಾನರ್ 90 ಡಿಗ್ರಿ ಬದಲು 20 ತೋರಿಸಿದರೆ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತೆ. ಮೊದಲು ಕನೆಕ್ಟರ್ ಬಿಚ್ಚಿ, ಪಿನ್ನಿನ ಮೇಲೆ ಹಸಿರು ಕಿಲುಬು ಇದೆಯಾ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತೆ.