ಒಂಬತ್ತನೇ ಕ್ಲಾಸಿನ ಮಗಳಿಗೆ ಪ್ರೋಗ್ರಾಮಿಂಗ್ ಆಸಕ್ತಿ, ಶಾಲೆಯ ಹೊರಗೆ ಏನು ಕಲಿಸಿದಿರಿ?

ಹಳೇ ಹುಬ್ಬಳ್ಳಿ ತಂದೆ: ಮಗಳು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಆಟ ಬರೆಯುತ್ತಾಳೆ. ಬಿಡುವು ಭಾನುವಾರ ಮಾತ್ರ. ಕ್ಲಾಸಿಗೆ ಸೇರಿಸಲೋ, ಸ್ಪರ್ಧೆಗೋ? ಮಾಡಿ ನೋಡಿದವರು ಅನುಭವ ಹೇಳಿ.

ವಿದ್ಯಾನಗರದ ತಾಯಿ: ಕ್ಲಾಸು ಬೇಡವೇ ಬೇಡ ರೀ. ಮಗನಿಗೆ ಆರು ತಿಂಗಳಿಗೆ 18,000 ಕಟ್ಟಿದೆ. ಪುಸ್ತಕ ಅಂತ 1,200. ಆಟೋ ವಾರಕ್ಕೆ 160. ಮೂರನೇ ತಿಂಗಳಿಗೆ ಕಲಿಸುವವರೇ ಬಿಟ್ಟು ಹೋದರು. ಹೊಸಬರು ಬಂದು ಮತ್ತೆ ಫಾರ್ ಲೂಪ್‌ನಂಥ ಮೊದಲ ಪಾಠದಿಂದ ಶುರು ಮಾಡಿದರು. ದುಡ್ಡು ವಾಪಸ್ ಕೇಳಿದರೆ ರಸೀದಿ ಹಿಂದಿನ ಷರತ್ತು ತೋರಿಸಿದರು. ಆ ರಸೀದಿ ಇನ್ನೂ ಇಟ್ಟುಕೊಂಡಿದ್ದೇನೆ.

ಸಪ್ತಾಪುರದಿಂದ: ಅಕ್ಕಾ, ಒಂದು ಕ್ಲಾಸು ಕೆಟ್ಟರೆ ಎಲ್ಲವೂ ಕೆಟ್ಟವಲ್ಲ. ನಮ್ಮದು ರೋಬೋಟ್ ದಾರಿ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ 5,400, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ 120. ಆ ಸೆನ್ಸರಿನ ಎಕೋ ಪಿನ್ನು, ಅಂದರೆ ಸಿಗ್ನಲ್ ಹೊರಬರುವ ಕಡ್ಡಿ, 5 ವೋಲ್ಟ್ ಬಿಡುತ್ತದೆ, ಪೈ ತಡೆಯುವುದು 3.3. ವೋಲ್ಟ್ ಇಳಿಸಲು ಮಧ್ಯೆ 1ಕೆ, 2ಕೆ (ಕಿಲೋ ಓಮ್) ರೆಸಿಸ್ಟರ್ ಹಾಕಿದ್ದರೆ ಸಾಕಿತ್ತು. ಎರಡು ರೂಪಾಯಿ ಮಾಲು! ಮಗ ನೇರ ಜೋಡಿಸಿದ, ಬೋರ್ಡ್ ಸುಟ್ಟಿತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಆರ್ಡುಯಿನೋ ಊನೋ ಅನ್ನೋ ಬೇರೆ ಬೋರ್ಡ್ ತಂದೆವು, ಅದು 5 ವೋಲ್ಟಿನದೇ. ಈಗ ಅಜ್ಜನ ಮನೆಯ ಟ್ಯಾಂಕ್ ತುಂಬಿದರೆ ಬಜರ್ ಹೊಡೆಯುತ್ತದೆ. ಎಲ್ಲ ಅವನದೇ ಕೋಡ್.

ಗದಗದ ಗಣಿತ ಮೇಷ್ಟ್ರು: ವೈರ್ ಜೋಡಿಸುವುದು ಪ್ರೋಗ್ರಾಮಿಂಗ್ ಅಲ್ಲ ಸರ್. ನನ್ನ ಮಗಳು ಝೋನಲ್ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್, ಅಂದರೆ ಶಾಲಾ ಮಕ್ಕಳ ಕಂಪ್ಯೂಟರ್ ತರ್ಕದ ಸ್ಪರ್ಧೆಯ ಮೊದಲ ಸುತ್ತು, ಬರೆದಳು. ಅಲ್ಲಿ ಪೆನ್ನು, ಕಾಗದ ಅಷ್ಟೇ. ಕೋಡ್ ಬರದಿದ್ದರೂ ನಡೆಯುತ್ತದೆ, ತರ್ಕ ಬೇಕು. ಹಳೇ ಪ್ರಶ್ನೆಪತ್ರಿಕೆ ನೆಟ್‌ನಲ್ಲಿ ಪುಕ್ಕಟೆ, ಪ್ರಿಂಟಿಗೆ 84 ರೂಪಾಯಿ ಆಯಿತು. ಎರಡು ಸಲವೂ ದಾಟಲಿಲ್ಲ. ಎರಡನೇ ಸಲ ಬಸ್ಸಿನಲ್ಲಿ ಅತ್ತಳು. ಆದರೆ ಈಗ ಯಾವ ಲೆಕ್ಕ ಕೊಟ್ಟರೂ ಮೊದಲು ಪೆನ್ಸಿಲ್ ಹಿಡಿಯುತ್ತಾಳೆ, ಕೀಬೋರ್ಡ್ ಆಮೇಲೆ.

ಸಪ್ತಾಪುರದಿಂದ: ಮೋಟಾರ್ ಬಂದ್ ಮಾಡಲು ನಮ್ಮ ಅಜ್ಜ ಮೆಟ್ಟಿಲು ಹತ್ತುವುದು ತಪ್ಪಿದೆ. ಅದು ಕಾಗದದಿಂದ ಆಗುತ್ತಿತ್ತಾ?

ಮೇಷ್ಟ್ರು: ಟ್ಯಾಂಕಿಗೆ ತೇಲುವ ಬಾಲ್ ಹಾಕಿದರೂ ಆಗುತ್ತಿತ್ತು.

ಸಪ್ತಾಪುರದಿಂದ: ಹುಡುಗನ ಕೆಲಸವನ್ನು ಹೀಗೆ ಹಗುರ ಮಾಡಬೇಡಿ. ಮೇಷ್ಟ್ರಾಗಿ ನೀವೇ ಹೀಗಂದರೆ ಹೇಗೆ?

ಹಾವೇರಿಯಿಂದ: ಜಗಳ ಬಿಡಿ, ಮೊದಲು ಲ್ಯಾಪ್‌ಟಾಪ್ ನೋಡಿ. 13,500ಕ್ಕೆ ಹಳೆಯದು ತಂದೆ. ಆನ್ ಆಗಲು ಏಳು ನಿಮಿಷ! 1,700 ಕೊಟ್ಟು ಎಸ್‌ಎಸ್‌ಡಿ (ವೇಗದ ಡಿಸ್ಕ್), ಮೇಲೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಈಗ ಅರ್ಧ ನಿಮಿಷ.

ವಿದ್ಯಾನಗರದ ತಾಯಿ: ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಆಗುತ್ತದಾ?

ಹಾವೇರಿಯಿಂದ: ಆಗುತ್ತದೆ ಅಕ್ಕಾ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿ, ಕಗಪ ಕೀಬೋರ್ಡ್ ಅದರಲ್ಲೇ ಇದೆ.

ಹಳೇ ಹುಬ್ಬಳ್ಳಿ ತಂದೆ: ಸಪ್ತಾಪುರದ ಸರ್, ಟ್ಯಾಂಕಿನ ಸೆನ್ಸರಿಗೆ ತೇವ ತಾಗದಂತೆ ಏನು ಮಾಡಿದಿರಿ? ನಮ್ಮಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ. ಮಗಳು ನಾನೂ ಬಜರ್ ಮಾಡುತ್ತೇನೆ ಅಂತ ಕೂತಿದ್ದಾಳೆ.