ಜೀನ್ ‘ಅಭಿವ್ಯಕ್ತಿ’: ಕೋಳಿ ಸಾಕುವವರಿಗೆ ತಿಳಿಯುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಕಡೆ ಮನೆಯಂಗಳದಲ್ಲಿ ಕೋಳಿ ಸಾಕುವ ಹೆಂಗಸರ ಗುಂಪೊಂದಕ್ಕೆ ಕರಪತ್ರ ಬರೆದುಕೊಡುತ್ತಿದ್ದೇನೆ. ಫೀಡಿಗೆ ಪ್ರೋಬಯಾಟಿಕ್ ಬೆರೆಸಿದರೆ ಕೋಳಿಯ ರೋಗನಿರೋಧಕ ಜೀನ್‌ಗಳ ಕೆಲಸ ಹೇಗೆ ಬದಲಾಗುತ್ತದೆ ಎಂಬುದು ವಿಷಯ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ನಿಮ್ಮ ಸಹಾಯ ಬೇಕು.

ಪ್ರೋಬಯಾಟಿಕ್ ಅನ್ನುವ ಪದವೇನೂ ಕಷ್ಟ ಕೊಡಲಿಲ್ಲ. ಕುಂದಾಪುರದ ಕಡೆ ಸಿಗಡಿ ಸಾಕುವವರ ಬಾಯಲ್ಲಿ ಅದು ಆಗಲೇ ಇದೆ. ಆದರೆ ಕೇಳಿದವರೆಲ್ಲ “ಅದು ಮದ್ದಾ?” ಅಂತಾರೆ. ಮದ್ದಲ್ಲ. ಜೀವಂತ ಸೂಕ್ಷ್ಮಾಣುಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟು, ಅದರಿಂದ ಆರೋಗ್ಯಕ್ಕೆ ಒಳಿತಾದರೆ ಅದು ಪ್ರೋಬಯಾಟಿಕ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವಿವರಣೆಯ ಸಾರ ಇದು. ‘ಜೀವಂತ’ ಅನ್ನೋದನ್ನು ಕನ್ನಡದಲ್ಲಿ ನಾವು ಸುಲಭವಾಗಿ ಬಿಟ್ಟುಬಿಡುತ್ತೇವೆ, ಬಿಡಬಾರದು. ಪ್ರೋಬಯಾಟಿಕ್ ಆಗಿ ಕೊಡುವ ಬ್ಯಾಕ್ಟೀರಿಯಾಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬಿಸಿಗೆ ಬೇಗ ಸಾಯುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಬೀಜಕದ (ಗಟ್ಟಿ ಕವಚದೊಳಗೆ ನಿದ್ರಿಸುವ) ರೂಪದಲ್ಲಿರುವಾಗ ಫೀಡ್ ತಯಾರಿಸುವ ಬಿಸಿಯನ್ನೂ ತಡೆದುಕೊಳ್ಳುತ್ತದೆ.

ನಾನು ಸಿಕ್ಕಿಬಿದ್ದದ್ದು ‘ವಂಶವಾಹಿಯ ಅಭಿವ್ಯಕ್ತಿ’ಯಲ್ಲಿ. ವಂಶವಾಹಿ ಅಂದರೆ ಜೀನೇ; ಇಂಗ್ಲಿಷಿನ ‘ಜೀನ್ ಎಕ್ಸ್‌ಪ್ರೆಶನ್’ಗೆ ಪುಸ್ತಕಗಳಲ್ಲಿ ಹೀಗೇ ಬರೆಯುತ್ತಾರೆ. ಗುಂಪಿನಲ್ಲಿ ಓದಿ ಹೇಳಿದಾಗ ಒಬ್ಬರು “ಕೋಳಿ ಎಂತ ಹೇಳ್ತದೆ?” ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. ನಮಗೆ ಅಭಿವ್ಯಕ್ತಿ ಅಂದರೆ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹೇಳೋದು. ‘ಜೀನ್ ಬದಲಾಗುತ್ತದೆ’ ಅಂತ ಸುಲಭ ಮಾಡಲು ಹೋದರೆ ಇನ್ನೂ ಅಪಾಯ. ಕುಲಾಂತರಿ ಕೋಳಿ ಅಂತ ಜನ ಹೆದರುತ್ತಾರೆ, ಅಲ್ವಾ?

ಜೀನ್ ಇದ್ದಲ್ಲೇ, ಇದ್ದ ಹಾಗೇ ಇರುತ್ತದೆ. ಅದರಲ್ಲಿರುವ ಮಾಹಿತಿಯನ್ನು ಹೊತ್ತೊಯ್ಯುವ ಆರ್‌ಎನ್‌ಎ ಎಂಬ ನಕಲುಗಳು ಎಷ್ಟು ಹೊರಡುತ್ತವೆ ಅನ್ನೋದಷ್ಟೇ ಬದಲಾಗುವುದು. ಪಹಣಿಯ ಮೂಲ ತಾಲೂಕು ಕಚೇರಿಯಲ್ಲಿ ಅಲುಗಾಡದೆ ಇರುತ್ತದೆ, ಊರಲ್ಲಿ ಓಡಾಡುವುದು ನಕಲು. ಹಾಗೆಯೇ ಇದೂ. ಸಂಶೋಧಕರು ಎಣಿಸುವುದೂ ಈ ನಕಲುಗಳನ್ನೇ. ಕೋಳಿ ಸೀಳುವಾಗ ನೋಡಿರುತ್ತೀರಿ: ಸಣ್ಣ ಕರುಳು ಮುಗಿಯುವಲ್ಲಿ ಬಾಯಿ ಒಂದೇ ಕಡೆ ಇರುವ ಎರಡು ಉದ್ದ ಚೀಲಗಳು. ನಾನು ಕುರುಡುಗರುಳು ಅಂತ ಬರೆದಿದ್ದೇನೆ. ಅವುಗಳ ಬುಡದಲ್ಲಿ ರೋಗದ ಜತೆ ಸೆಣಸುವ ಕಣಗಳು ಗುಂಪುಗೂಡಿದ ಟಾನ್ಸಿಲ್ ಇದೆ. ಅಲ್ಲಿಂದಲೋ ಗುಲ್ಮದಿಂದಲೋ (ಸ್ಪ್ಲೀನ್) ಚೂರು ತೆಗೆದು, ಅದರಲ್ಲಿ ಎಷ್ಟು ನಕಲುಗಳಿವೆ ಅಂತ ಪಿಸಿಆರ್ ಎಂಬ ಯಂತ್ರದಲ್ಲಿ ಅಳೆದು, ಬೀಟಾ ಆಕ್ಟಿನ್‌ನಂಥ ಜಾಸ್ತಿ ಏರಿಳಿಯದ ಜೀನಿನ ಪಕ್ಕ ಇಟ್ಟು ಹೋಲಿಸುತ್ತಾರೆ.

ಇಲ್ಲಿಂದ ಮುಂದಿನದೇ ನನಗೆ ಮುಖ್ಯ. ಫೀಡಿನ ಚೀಲಗಳ ಮೇಲೂ ಜಾಹೀರಾತಿನಲ್ಲೂ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಅಂತ ಒಂದೇ ಮಾತು. ನಿಜ ಅಷ್ಟು ಸರಳ ಇಲ್ಲ. ಒಂದೇ ಪ್ರೋಬಯಾಟಿಕ್‌ನಿಂದ ಕೆಲವು ಜೀನ್ ಏರಬಹುದು, ಕೆಲವು ಇಳಿಯಬಹುದು. ಇಂಟರ್‌ಲ್ಯೂಕಿನ್ ಅಂದರೆ ರೋಗದ ಜತೆ ಸೆಣಸುವ ಕಣಗಳು ಸಂದೇಶಕ್ಕೆ ಬಳಸುವ ಪ್ರೋಟೀನ್; ಒಂದೊಂದಕ್ಕೂ ಅದರದೇ ಜೀನ್ ಇದೆ. ಇಂಟರ್‌ಲ್ಯೂಕಿನ್-1 ಬೀಟಾ ಉರಿಯೂತ ಎಬ್ಬಿಸುತ್ತದೆ, ಇಂಟರ್‌ಲ್ಯೂಕಿನ್-10 ಅದನ್ನು ತಣಿಸುತ್ತದೆ. ಸಾಲ್ಮೊನೆಲ್ಲಾ ಎಂಬ ರೋಗದ ಬ್ಯಾಕ್ಟೀರಿಯಾ ತಗುಲಿದ ಮರಿಯಲ್ಲಿ ಮೊದಲನೆಯದು ಇಳಿದರೆ ಎಷ್ಟೋ ಸಲ ಅದೇ ಒಳ್ಳೆಯ ಸುದ್ದಿ. ಉರಿಯೂತ ಜಾಸ್ತಿಯಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಸೂಕ್ಷ್ಮಾಣುವಿನ ತಳಿ, ಪ್ರಮಾಣ, ಕೋಳಿಯ ವಯಸ್ಸು, ಚೂರು ತೆಗೆದ ಜಾಗ, ಇವುಗಳಲ್ಲಿ ಯಾವುದು ಬೇರೆಯಾದರೂ ಫಲಿತಾಂಶ ಬೇರೆಯಾಗಬಹುದು. ಇಷ್ಟನ್ನೆಲ್ಲ ‘ಶಕ್ತಿ ಹೆಚ್ಚುತ್ತದೆ’ ಅನ್ನುವ ಮಾತು ನುಂಗಿಹಾಕುತ್ತದೆ. ದುಡ್ಡು ಕೊಟ್ಟು ಫೀಡ್ ತರುವವರಿಗೆ ಇದು ಗೊತ್ತಿರಲೇಬೇಕು ಅಂತ ನನ್ನ ಅಭಿಪ್ರಾಯ.

ಹಾಗಾಗಿ ಏರುವುದಕ್ಕೂ ಇಳಿಯುವುದಕ್ಕೂ ಹೊಂದುವ, ಒಳ್ಳೆಯದು ಕೆಟ್ಟದ್ದು ಅಂತ ಮೊದಲೇ ತೀರ್ಪು ಕೊಡದ ಪದಜೋಡಿ ಬೇಕು. ‘ಚುರುಕಾಗು’ ಚೆನ್ನಾಗಿದೆ, ಆದರೆ ಅದರಲ್ಲಿ ಹೊಗಳಿಕೆ ಇದೆ. ಎದುರಿಗೆ ‘ಮಂದ’ ಅಂದರೆ ಕಾಯಿಲೆಯ ನೆನಪು. ‘ಪ್ರತಿ’ ಹಾಕಿದರೆ ಒಂದು ಜೀನ್ ಎಷ್ಟು ಸಲ ಇದೆ ಅನ್ನುವ ಬೇರೆಯೇ ಲೆಕ್ಕದ ಜೊತೆ ಬೆರೆಯುತ್ತದೆ. ‘ನಕಲು’ ನನಗೆ ಇಷ್ಟ, ಆದರೆ ಕೆಲವರಿಗೆ ಖೋಟಾ ಅನ್ನುವ ಅರ್ಥ ಮೊದಲು ಹೊಳೆಯುತ್ತದೆ. ನಮ್ಮ ಕಡೆ ಮಳೆ, ಜ್ವರ, ವ್ಯಾಪಾರ ಎಲ್ಲಕ್ಕೂ ‘ಜೋರು’ ಸಲ್ಲುತ್ತದೆ. ‘ಈ ಜೀನಿನ ಕೆಲಸ ಜೋರಾಗುತ್ತದೆ, ಆ ಜೀನಿನದು ತಗ್ಗುತ್ತದೆ’ ಅಂತ ಬರೆದರೆ ಹೇಗೆ?

ಉತ್ತರ ಕರ್ನಾಟಕದವರಿಗೆ ‘ಜೋರು’ ಬೇರೆ ಥರ ಕೇಳಿಸುತ್ತದೆಯೇ? ಪಶುವೈದ್ಯರು ರೈತರ ಹತ್ತಿರ ಮಾತಾಡುವಾಗ ಏನನ್ನುತ್ತೀರಿ? ತುಳುವಿನಲ್ಲಿ ಇದಕ್ಕಿಂತ ಒಪ್ಪುವ ಮಾತಿದ್ದರೆ ಅದನ್ನೂ ಹೇಳಿ. ಕರಪತ್ರ ಓದುವವರಲ್ಲಿ ಸುಮಾರು ಜನ ಮನೆಯಲ್ಲಿ ತುಳುವೇ ಆಡುತ್ತಾರೆ.